ಗುರುವಾರ ಶುರುವಾಗುವ ವಾರ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ರೂಲ್ಸಕ್ಕ ಎಂದೇ ಹೆಸರು. ಇಟ್ಟವರು ತಮಾಷೆಗೆ ಇಟ್ಟರು, ಅವಳು ಅದನ್ನು ಬಿರುದಿನಂತೆ ತೊಟ್ಟುಕೊಂಡಳು. ಮೂವತ್ತಾರು ವಯಸ್ಸು, ಒರಟು ಕೈ, ಗಟ್ಟಿ ಗಂಟಲು. ಪರದೇಶಕ್ಕೆ ಓದಲು ಬಂದು ನಾಲ್ಕು ವರ್ಷವಾಗಿತ್ತು. ಡಬ್ಬಿಯಲ್ಲಿಟ್ಟ ಬೀಜ ಎಷ್ಟು ವರ್ಷದವರೆಗೆ ಮೊಳೆಯುತ್ತದೆ ಎಂದು ಎಣಿಸುವ ಸಂಶೋಧನೆ ಅವಳದು, ಒಟ್ಟು ಐದು ವರ್ಷದ್ದು. ಹೊಟ್ಟೆಪಾಡಿಗೆ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಯ ಇಸ್ತ್ರಿ. ವಿದ್ಯಾರ್ಥಿ ವೀಸಾದವರು ವಾರಕ್ಕೆ ಇಪ್ಪತ್ತು ಗಂಟೆ ದುಡಿಯಬಹುದು. ಇಪ್ಪತ್ತೊಂದನೆಯ ಗಂಟೆ ಅಪರಾಧ.

ಅಲ್ಲಿ ದುಡಿಯುವ ಹುಡುಗಿಯರೆಲ್ಲ ಕಾಗದ ಹಿಡಿದುಕೊಂಡು ಅವಳ ಇಸ್ತ್ರಿ ಮೇಜಿಗೇ ಬರುತ್ತಿದ್ದರು.

"ಅಕ್ಕ, ಪಾಸ್‌ಪೋರ್ಟಲ್ಲಿರೋ ವೀಸಾ ಮುಂದಿನ ತಿಂಗಳು ಮುಗಿಯುತ್ತೆ. ಓಡಿಸಿಬಿಡ್ತಾರಾ?"

"ಅದು ಬಾಗಿಲು ದಾಟೋಕೆ ಕಣೇ. ದಾಟಿ ಆಯ್ತಲ್ಲ! ಒಳಗಿರೋಕೆ ಅಂತ ಬೇರೆ ಕಾರ್ಡ್ ಕೊಟ್ಟಿದ್ದಾರೆ, ಅದರ ತಾರೀಕು ನೋಡು. ಅದು ಮುಗಿಯೋ ಮೂರು ತಿಂಗಳು ಮುಂಚೇನೇ ಅರ್ಜಿ ಹಾಕು. ಮನೆ ಬದಲಾಯಿಸಿದ್ರೆ ಏಳು ದಿನದೊಳಗೆ ತಿಳಿಸು. ಎಂಟನೇ ದಿನ ಹೋಗಿ ನನ್ನ ಹೆಸರು ಹೇಳಬೇಡ."

ಇಂಥ ರೂಲ್ಸಕ್ಕನಿಗೇ ಪತ್ರ ಬಂತು. ಕೊನೆಯ ವರ್ಷಕ್ಕೆ ವಾಸದ ಕಾರ್ಡು ಮುಂದುವರಿಸಲು ಅರ್ಜಿ ಹಾಕಿದ್ದಳು. ಉತ್ತರ ಹೀಗಿತ್ತು: ಎರಡು ವಾರಗಳಲ್ಲಿ ನೀವು ಮಿತಿ ಮೀರಿ, ವಾರಕ್ಕೆ ಇಪ್ಪತ್ತನಾಲ್ಕು ಗಂಟೆಯಂತೆ ದುಡಿದಿದ್ದೀರಿ, ಅರ್ಜಿಯನ್ನು ಏಕೆ ತಳ್ಳಿಹಾಕಬಾರದು ಎಂದು ಹದಿನಾಲ್ಕು ದಿನದೊಳಗೆ ತಿಳಿಸಿ.

ಅವಳ ಮೈ ಉರಿದುಹೋಯಿತು. ನಾಲ್ಕು ವರ್ಷದಲ್ಲಿ ಒಂದು ನಿಮಿಷ ಹೆಚ್ಚು ದುಡಿದವಳಲ್ಲ. ಮೇಸ್ತ್ರಿ ಗೋಗರೆದಾಗಲೂ ಇಸ್ತ್ರಿ ಕೆಳಗಿಟ್ಟು ಹೊರಟವಳು. ಮರುದಿನ ಬೆಳಿಗ್ಗೆ ವಲಸೆ ಕಚೇರಿಯ ಏಳನೇ ಕಿಟಕಿಯ ಮುಂದೆ ನಿಂತಳು. ಗಾಜಿನಾಚೆ ಗುಮಾಸ್ತೆ, ಮೂಗಿನ ತುದಿಯಲ್ಲಿ ಕನ್ನಡಕ.

"ನಿಮ್ಮ ಲೆಕ್ಕ ತಪ್ಪು ಮೇಡಂ. ಹಾಜರಿ ಪುಸ್ತಕ ತೆಗೆಸಿ ನೋಡಿ. ಯಾವ ವಾರಾನೂ ಇಪ್ಪತ್ತು ದಾಟಿಲ್ಲ."

"ಹಾಜರಿ ಪುಸ್ತಕದಲ್ಲಿ ವಾರ ಯಾವತ್ತು ಶುರು?"

"ಗುರುವಾರ. ಆಸ್ಪತ್ರೆ ಬಟ್ಟೆ ಲಾರಿ ಬರೋದು ಗುರುವಾರ. ಬುಧವಾರಕ್ಕೆ ವಾರ ಮುಗೀತು."

"ನಮ್ಮಲ್ಲಿ ವಾರ ಸೋಮವಾರದಿಂದ ಭಾನುವಾರ."

"ಎಲ್ಲಿ ಬರೆದಿದೆ?"

"ಎರಡನೇ ಅನುಬಂಧದಲ್ಲಿ."

"ನನ್ನ ಕೈಗೆ ಕೊಟ್ಟಿದ್ದು ಹದಿನಾಲ್ಕು ಪುಟದ ನಿಯಮ. ಅದರಲ್ಲಿ ಅನುಬಂಧಾನೇ ಇಲ್ಲ!"

"ಅನುಬಂಧ ಕೇಳಿದವರಿಗೆ ಮಾತ್ರ ಕೊಡ್ತೀವಿ," ಎಂದಳು ಗುಮಾಸ್ತೆ. "ಇದೆ ಅಂತಾನೇ ಗೊತ್ತಿಲ್ಲದೆ ಹೇಗೆ ಕೇಳಲಿ?" ಎಂದಿದ್ದಕ್ಕೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. "ಆ ಎರಡು ವಾರದ ಹಾಜರಿ ಪುಟ ಪೂರ್ತಿ ತಂದುಕೊಡಿ, ಕಾರಣ ಬರೆದು ಜೊತೆಗಿಡಿ. ಮುಂದಿನವರು ಬನ್ನಿ."

ಬಸ್ಸಿನಲ್ಲಿ ಕೂತು ಬೆರಳು ಮಡಚಿದಳು. ಬೀಜ ಮೊಳೆಯತೊಡಗಿದ ಆ ವಾರ ಗುರುವಾರದಿಂದ ಭಾನುವಾರದವರೆಗೆ ಪ್ರಯೋಗಾಲಯ ಬಿಟ್ಟು ಅಲುಗುವಂತಿರಲಿಲ್ಲ. ಹಾಗಾಗಿ ಆ ಹಾಜರಿ ವಾರದ ಕೊನೆಯ ಮೂರು ದಿನ, ಸೋಮ ಮಂಗಳ ಬುಧ, ಆರಾರು ಗಂಟೆ ಇಸ್ತ್ರಿ ಮಾಡಿ ಹದಿನೆಂಟು ಮುಗಿಸಿದ್ದಳು. ಮರುದಿನ ಗುರುವಾರ, ಮೊಳಕೆ ಎಣಿಸುವ ಕೆಲಸ ಮುಗಿದಿತ್ತು, ಹೊಸ ವಾರ ಎಂದು ಮತ್ತೆ ಆರು ಗಂಟೆ. ಲಾಂಡ್ರಿಯ ಕಣ್ಣಿಗೆ ಎರಡು ವಾರ, ಕಚೇರಿಯ ಕಣ್ಣಿಗೆ ಒಂದೇ. ಇಪ್ಪತ್ತನಾಲ್ಕು. ಹೀಗೆ ಎರಡು ಸಲ. ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡಿದ್ದ ಉಪಾಯ ಅದು.

ಮೇಸ್ತ್ರಿ ಕಥೆ ಕೇಳಿ ಕಿವಿ ಕೆರೆದುಕೊಂಡ. "ಇಷ್ಟೇನಾ ತಾಯಿ? ಆ ಎರಡು ಗುರುವಾರ ನೀನು ಬಂದೇ ಇಲ್ಲ ಅಂತ ಬರೆದುಕೊಟ್ಟರಾಯ್ತು."

"ಬಾಗಿಲ ಹತ್ತಿರ ಕಾರ್ಡ್ ಒತ್ತೋ ಯಂತ್ರ ಇದೆಯಲ್ಲ, ಅದರ ಬಾಯಿ ಯಾರು ಮುಚ್ಚಿಸ್ತಾರೆ, ನಿಮ್ಮ ಮಾವನಾ? ಈಗ ಎಂಟು ಗಂಟೆ ತಪ್ಪು. ನೀವು ಸುಳ್ಳು ಬರೆದುಕೊಟ್ಟರೆ ನಾಲ್ಕು ವರ್ಷದ ಲೆಕ್ಕವೆಲ್ಲ ಮೋಸ ಆಗುತ್ತೆ. ಪುಟದ ನಕಲು ಕೊಡಿ ಸಾಕು."

ನಕಲು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದಳು. ಮನೆಯೆಂದರೆ ಎರಡು ಮಂಚ, ಒಂದು ಒಲೆ, ಬಾಗಿಲು ತೆರೆದರೆ ಮಂಚಕ್ಕೆ ಬಡಿಯುವ ಕೋಣೆ. ಜೊತೆಗಿದ್ದವಳು ಇಪ್ಪತ್ತಮೂರರ ಹುಡುಗಿ. ಅವಳದೂ ಅದೇ ಲಾಂಡ್ರಿ, ಎಲ್ಲರ ಬಾಯಲ್ಲೂ ಚಿಕ್ಕಿ. ಮೊದಲ ವರ್ಷದ ಓದು. ನಕಲಿನ ಮೇಲೆ ಕಣ್ಣು ಹಾಯಿಸಿದವಳೇ ಬಿಳುಚಿಕೊಂಡಳು.

"ಅಕ್ಕ... ನಿನ್ನ ಕೆಳಗೇ ನನ್ನ ಹೆಸರಿದೆ. ನಂದೂ ಇಪ್ಪತ್ತನಾಲ್ಕು ಆಗಿದೆ."

"ನಿನಗ್ಯಾಕೆ ಆಯ್ತು?"

"ನೀನೇ ಹೇಳಿದ್ಯಲ್ಲ, ಬುಧವಾರಕ್ಕೆ ವಾರ ಮುಗೀತು, ಗುರುವಾರ ಹೊಸ ಲೆಕ್ಕ ಅಂತ."

ಊರಿಗೆಲ್ಲ ದಾರಿ ತೋರಿಸಿ, ಜೊತೆಯವರನ್ನೂ ಕರಕೊಂಡು ಹಳ್ಳಕ್ಕೆ ಬಿದ್ದಂತಾಯಿತು. ಚಿಕ್ಕಿಯ ಕಾರ್ಡು ಇನ್ನೂ ತನಿಖೆಗೆ ಬಂದಿರಲಿಲ್ಲ. ಈ ಪುಟ ಆ ಕಿಟಕಿಯೊಳಗೆ ಹೋದರೆ ನಾಳೆಯೇ ಬರುತ್ತದೆ. ಮೊದಲ ವರ್ಷದವರಿಗೆ ಹದಿನಾಲ್ಕು ದಿನದ ಮರ್ಯಾದೆಯೂ ಇಲ್ಲ, ನೇರ ರದ್ದು.

ಅಷ್ಟರಲ್ಲಿ ಊರಿನಿಂದ ಅಮ್ಮನ ಫೋನು. "ಓದು ಮುಗೀತೇನೇ? ಬೀಜ ಎಣಿಸೋಕೆ ಐದು ವರ್ಷ ಬೇಕಾ? ನಾನಾಗಿದ್ರೆ ಮೊರದಲ್ಲಿ ಹಾಕಿಕೊಂಡು ಸಂಜೆಯೊಳಗೆ ಎಣಿಸ್ತಿದ್ದೆ."

"ನೀನೇ ಬಾರಮ್ಮ. ನಿನಗೆ ವೀಸಾ ಕೊಡ್ತಾರೇನೋ!" ಎಂದು ಫೋನಿಟ್ಟಳು.

ರೂಲ್ಸಕ್ಕ ಪೂರ್ತಿ ಪುಟ ಕೊಡಲಿಲ್ಲ. ಯಂತ್ರದಿಂದ ತನ್ನೊಬ್ಬಳ ಗಂಟೆಗಳ ಚೀಟಿ ಮಾತ್ರ ತೆಗೆಸಿ, ಕಾರಣವನ್ನು ಎರಡೇ ಸಾಲಿನಲ್ಲಿ ಬರೆದು ಲಗತ್ತಿಸಿದಳು. ಅದನ್ನು ತ್ಯಾಗ ಗೀಗ ಎಂದರೆ ಅವಳು ಬೈದಾಳು. ತಾನು ಹೇಳಿಕೊಟ್ಟ ತಪ್ಪಿಗೆ ಬೇರೊಬ್ಬಳು ದಂಡ ತೆರುವುದು ಅವಳಿಗೆ ಒಗ್ಗಲಿಲ್ಲ, ಅಷ್ಟೇ.

"ಕೇಳಿದ್ದು ಪೂರ್ತಿ ಪುಟ," ಎಂದಳು ಗುಮಾಸ್ತೆ.

"ನನ್ನ ತಪ್ಪಿಗೆ ನನ್ನ ಚೀಟಿ. ಬೇರೆಯವರ ಹಾಜರಿ ನಿಮಗ್ಯಾಕೆ?"

"ದಾಖಲೆ ಅಪೂರ್ಣ ಅಂತ ಬರೀತೀನಿ."

"ಬರೀರಿ. ಬರೆಯೋದೇ ತಾನೇ ನಿಮ್ಮ ಕೆಲಸ."

ಇಪ್ಪತ್ತಮೂರನೆಯ ದಿನ ತೀರ್ಪು ಬಂತು. ತಳ್ಳಿಹಾಕಿರಲಿಲ್ಲ. ದಾಖಲೆ ಅಪೂರ್ಣವಾದ್ದರಿಂದ ಒಂದು ವರ್ಷದ ಬದಲು ಆರು ತಿಂಗಳು; ದುಡಿಮೆ ನಿಷಿದ್ಧ. ಕೊನೆಯ ಕಂತಿನ ಬೀಜಗಳಿಗೆ ಇನ್ನೂ ಹನ್ನೊಂದು ತಿಂಗಳು ಬೇಕಿತ್ತು. ಬೈದರೆ ಬೀಜ ಬೇಗ ಮೊಳೆಯುತ್ತದೆಯೇ? ಆದರೂ ಪ್ರಯೋಗಾಲಯಕ್ಕೆ ಹೋಗಿ ಗಾಜಿನ ತಟ್ಟೆಗಳ ಮುಂದೆ ನಿಂತು ಬೈದಳು. ಬೀಜಗಳನ್ನೂ, ಕಚೇರಿಯನ್ನೂ, ಗುರುವಾರದ ಲಾರಿಯನ್ನೂ.

ಆಮೇಲೆ ಲಾಂಡ್ರಿಗೆ ಹೋಗಿ ಹಾಜರಿ ಕಾರ್ಡು ಒಪ್ಪಿಸಿದಳು. ಯಂತ್ರದ ಪಕ್ಕದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಓದುವವರಿಗೆ ವಾರ ಸೋಮವಾರ ಶುರು.

"ಗೋಡೆ ಹಾಳು ಮಾಡಿದೆಯಲ್ಲ ತಾಯಿ!" ಎಂದ ಮೇಸ್ತ್ರಿ.

"ಅಳಿಸಿ ನೋಡಿ, ಗೊತ್ತಾಗುತ್ತೆ."

ಮನೆಯಲ್ಲಿ ಚಿಕ್ಕಿ ತಲೆ ತಗ್ಗಿಸಿ ಕೂತಿದ್ದಳು. "ಅಕ್ಕ, ಮೇಲ್ಮನವಿ ಹಾಕಬಹುದಂತೆ. ಹತ್ತು ದಿನದೊಳಗೆ."

"ಹತ್ತು ದಿನ ಅಂದ್ರೆ ಯಾವತ್ತಿಂದ? ತೀರ್ಪು ಬರೆದ ದಿನದಿಂದಲೋ, ನನ್ನ ಕೈಗೆ ಬಂದ ದಿನದಿಂದಲೋ? ರಜಾ ದಿನ ಸೇರುತ್ತೋ ಇಲ್ಲವೋ?"

"ಗೊತ್ತಿಲ್ಲಕ್ಕ."

"ನನಗೂ ಗೊತ್ತಿಲ್ಲ."

ನಾಲ್ಕು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಬರುವ ದಾರಿಯಲ್ಲಿ ಕಿಟಕಿಗೆ ಹೋಗಿ, ಜಗಳವಾಡಿ, ಕೇಳಿ ಇಸಕೊಂಡಿದ್ದ ಅನುಬಂಧಗಳ ಕಟ್ಟನ್ನು ಮಂಚದ ಮೇಲೆ ಒಗೆದಳು. ಒಟ್ಟು ಐದು ಅನುಬಂಧ. ಚಪ್ಪಲಿ ಬಿಟ್ಟು, ಕಾಲು ಮಡಚಿ ಕೂತು, ಕೊನೆಯ ಪುಟದಿಂದ ಓದತೊಡಗಿದಳು.