ಅಕ್ಕ ನೋಡದ ಮೀನುಗಳು

ಸಿಂಚನಾ, ಧನು, ಎದುರು ಕೂತು ಹೇಳಲು ನಿಮ್ಮ ಈ ಅಜ್ಜಿಗೆ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡಿ.

ನಾನು ಚಿಕ್ಕವಳಿದ್ದಾಗ, ಒಂಬತ್ತು ವರ್ಷವಿರಬೇಕು, ಅಕ್ಕ ಏಳನೇ ತರಗತಿ ಪಾಸಾದಳು. ಏನು ಬೇಕು ಎಂದು ಅಪ್ಪ ಕೇಳಿದರೆ ಅವಳು ಲಂಗ ಕೇಳಲಿಲ್ಲ, ಬಳೆ ಕೇಳಲಿಲ್ಲ. ಬೆಂಗಳೂರಿನಲ್ಲಿ ಗಾಜಿನೊಳಗೆ ಮೀನು ಸಾಕಿರುವ ಮನೆ ಇದೆಯಂತೆ, ಅದನ್ನು ನೋಡಬೇಕು ಎಂದಳು. ಒಂದು ಬೆಳಿಗ್ಗೆ ಅಪ್ಪ, ಅಮ್ಮ, ಅಕ್ಕ, ನಾನು ತೋವಿನಕೆರೆಯಿಂದ ಹೊರಟೆವು. ಬೆಳ್ಳುಳ್ಳಿ, ಒಣಮೆಣಸಿನಪುಡಿ ಹಾಕಿ ಕಡಲೆಕಾಯಿ ಎಣ್ಣೆಯಲ್ಲಿ ಒಗ್ಗರಿಸಿದ ಕಾರದ ಕಡಲೆಪುರಿಯನ್ನು ಅಮ್ಮ ದಾರಿಗೆಂದು ಕಟ್ಟಿದ್ದಳು. ಪುರಿಯ ಚೀಲ ಅಕ್ಕನ ಕೈಯಲ್ಲಿತ್ತು. ಬಸ್ಸಿನ ತುಂಬ ಅದರದೇ ಘಮ.

ಆ ಮೀನುಗಳು ಎಷ್ಟು ದೊಡ್ಡವಿರುತ್ತವೆ ಎಂದು ದಾರಿಯುದ್ದಕ್ಕೂ ಅಕ್ಕನನ್ನು ಪೀಡಿಸಿದೆ. “ನಿನ್ನಷ್ಟೇ ಇರ್ತಾವೆ ಕಣೆ, ನಿನ್ನಂಗೇ ಸುಮ್ಕೆ ಬಾಯಿ ಬಡ್ಕೊಂತಾವೆ,” ಎಂದಳು.

ಮೀನಿನ ಮನೆಯೊಳಗೆ ಮಬ್ಬುಗತ್ತಲು, ತಂಪು, ಪಾಚಿಯ ವಾಸನೆ. ಬಾಗಿಲ ಹತ್ತಿರವೇ ಮೊಣಕಾಲೆತ್ತರದ ತೊಟ್ಟಿಯಲ್ಲಿ ಕೆಂಪು ಮೀನುಗಳಿದ್ದವು. ಗಾಜಿನ ಪೆಟ್ಟಿಗೆಗಳೆಲ್ಲ ಅದರಾಚೆ. ಅಪ್ಪ ಟಿಕೆಟ್ ತೋರಿಸುತ್ತಿದ್ದರು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ನಮ್ಮೂರ ಈಶ್ವರನ ಗುಡಿಯ ಕಲ್ಯಾಣಿಯಲ್ಲೂ ಹಾಗೇ. ಅವು ದೇವರ ಮೀನು. ಅವಕ್ಕೊಂದು ಹಿಡಿ ಹಾಕದೆ ನಾವು ಪುರಿ ಬಾಯಿಗಿಡುತ್ತಿರಲಿಲ್ಲ. ಬಸ್ಸಿನಲ್ಲಿ ನಾನಾಗಲೇ ತಿಂದಿದ್ದೆ. ತಪ್ಪಾಯಿತೆನ್ನಿಸಿ ಚೀಲಕ್ಕೆ ಕೈಹಾಕಿ ಎರಡು ಹಿಡಿ ಎರಚಿದೆ. ಅಕ್ಕ ನನ್ನ ಕೈ ಹಿಡಿಯುವಷ್ಟರಲ್ಲಿ ಪುರಿ ನೀರಿನ ಮೇಲಿತ್ತು. ಕಾರದ ಎಣ್ಣೆ ಕೆಂಪಗೆ ಹರಡಿತು. ಕಚ್ಚಿದ ಮೀನುಗಳು ಉಗಿದು, ತಲೆ ಕೊಡವಿ, ತಳಕ್ಕೆ ಓಡಿದವು.

ಕಾವಲಿನವರು ಬಂದು ಎಲ್ಲರೆದುರೂ ಅಪ್ಪನನ್ನು ಬೈದರು. ಊರಲ್ಲಿ ಯಾರಿಂದಲೂ ಒಂದು ಮಾತು ಕೇಳಿಸಿಕೊಂಡವರಲ್ಲ ಅಪ್ಪ. ಯಾರು ಹಾಕಿದ್ದು ಎಂದು ಅಪ್ಪ ನಮ್ಮ ಕಡೆ ತಿರುಗಿದರು. ನಾನು ಅಕ್ಕನ ಕೈಯಲ್ಲಿದ್ದ ಚೀಲದತ್ತ ಬೆರಳು ತೋರಿಸಿದೆ. ಅಕ್ಕ ನನ್ನ ಮುಖ ನೋಡಿದಳು.

“ದೊಡ್ಡೋಳಾಗಿ ನಿಂಗೆ ಬುದ್ಧಿ ಬೇಡ್ವಾ? ಹೋಗಿ ಆಚೆ ಮೆಟ್ಲ ಮೇಲೆ ಕೂತ್ಕೋ,” ಎಂದರು ಅಪ್ಪ. ಅಮ್ಮ ಏನೋ ಹೇಳಹೋದಳು, ಅವರು ಕೇಳಲಿಲ್ಲ.

ನಾನು ಒಳಗೆ ಹೋದೆ. ಹಾವಿನಂಥ ಮೀನು, ಚಿಟ್ಟೆಯಂಥ ರೆಕ್ಕೆಯ ಮೀನು, ಉಗುರಷ್ಟೇ ಇದ್ದು ಮಿನುಗುವ ಮೀನು, ಎಲ್ಲ ನೋಡಿದೆ. ಪ್ರತಿ ಗಾಜಿನ ಮುಂದೆಯೂ ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ನನ್ನನ್ನೂ ಆಚೆ ಕಳಿಸುತ್ತಾರೆ. ಇದೊಂದು ನೋಡಿ ಹೇಳುತ್ತೇನೆ, ಇನ್ನೊಂದು ನೋಡಿ ಹೇಳುತ್ತೇನೆ ಎನ್ನುತ್ತಾ ಕೊನೆಯ ಗಾಜೂ ಮುಗಿಯಿತು.

ವಾಪಸು ಬರುವಾಗ ಕೊರಟಗೆರೆ ದಾಟಿದ ಮೇಲೆ ಅಕ್ಕ ಮೆಲ್ಲಗೆ, “ಹೆಂಗಿದ್ವೇ ಮೀನು?” ಎಂದಳು. ಒಂದೊಂದಾಗಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. ಆಗಲಾದರೂ ಹೇಳಬೇಕಿತ್ತು. ಮುಂದೆ ನಿಮ್ಮ ತಾತ ಇದ್ದಾಗ ಅವರಿಗೂ ಹೇಳಲಿಲ್ಲ.

ಈ ಬೇಸಿಗೆ ರಜೆಯಲ್ಲಿ ನೀವು ನನ್ನನ್ನೂ ಮೀನು ನೋಡಲು ಕರೆದುಕೊಂಡು ಹೋದಿರಿ. ತಲೆಯ ಮೇಲೂ ಗಾಜು, ನೀಲಿ ಬೆಳಕು, ನಮ್ಮ ಮೇಲೆಯೇ ತೇಲುವ ಮೀನುಗಳು. ಅಲ್ಲಿ ಧನು ನೆಲಕ್ಕೆ ಜ್ಯೂಸ್ ಚೆಲ್ಲಿದ. ಯಾರೂ ಕೇಳುವ ಮೊದಲೇ, “ಅಮ್ಮ, ನಾನೇ ಚೆಲ್ಲಿದ್ದು,” ಎಂದ. ನಿಮ್ಮಮ್ಮ ಒರೆಸು ಎಂದು ಕರ್ಚೀಫು ಕೊಟ್ಟಳು, ಅಷ್ಟೆ. ಒರೆಸಿ ಮತ್ತೆ ಮೀನಿನ ಹಿಂದೆ ಓಡಿದ. ತಪ್ಪು ಒಪ್ಪಿಕೊಂಡ ಮೇಲೂ ಮೀನು ನೋಡಬಹುದು ಎನ್ನುವುದು ನನ್ನ ಕಾಲದಲ್ಲಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಪ್ಪಿಕೊಳ್ಳುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.

ಆ ಅಕ್ಕನೇ ನಿಮ್ಮ ಮಧುಗಿರಿಯ ದೊಡ್ಡಜ್ಜಿ. ಪುರಿ ಹಾಕಿದ್ದು ಯಾರೆಂದು ಅವಳಿಗೆ ಅವತ್ತೇ ಗೊತ್ತು. ನನ್ನ ಬಾಯಿಂದ ಮಾತ್ರ ಕೇಳಿಲ್ಲ. ಬರುವ ಹಬ್ಬಕ್ಕೆ ಮಧುಗಿರಿಗೆ ಹೋಗುತ್ತೇವಲ್ಲ, ಆಗ ಹೇಳುತ್ತೇನೆ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ ಮಕ್ಕಳೇ. ಅವಳೆದುರು ನನಗೆ ಮಾತು ಹೊರಡದಿದ್ದರೆ, ನೀವೇ ಓದಿಬಿಡಿ. ನಾನು ಪಕ್ಕದಲ್ಲೇ ಕೂತಿರುತ್ತೇನೆ.