ಚಕ್ರಕ್ಕೆ ಕೊಟ್ಟ ಕಲ್ಲು

ಹನೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯ ಟೀ ಅಂಗಡಿಯಲ್ಲಿ ಕೂತಿದ್ದೇನೆ.

ನನ್ನನ್ನು ಬೆಟ್ಟಕ್ಕೆ ಕರೆದೊಯ್ಯುತ್ತಿರುವ ಸಿದ್ದಣ್ಣನ ಹಳೆಯ ಡೀಸೆಲ್ ಜೀಪು ಕೀಗೆ ಸುಲಭವಾಗಿ ಸ್ಟಾರ್ಟ್ ಆಗದು. ಬ್ಯಾಟರಿ ವೀಕ್ ಎಂದು ಅವನು ಅದನ್ನು ಯಾವಾಗಲೂ ಇಳಿಜಾರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಹೊರಡುವಾಗ ಯಾರಾದರೂ ಕಲ್ಲು ತೆಗೆದರೆ ಜೀಪು ಉರುಳಿ ಸ್ಟಾರ್ಟ್ ಆಗಬೇಕು. ಇವತ್ತು ತೆಗೆದವನು ನಾನು. ಒಳಗೆ ಶಾಗ್ಯ ಊರಿನ ಅಜ್ಜಿಯೊಬ್ಬರು ಕೂತಿದ್ದರು. ಜೀಪು ಉರುಳಿತು, ಇಂಜಿನ್ ಹತ್ತಲಿಲ್ಲ. ಇನ್ನಷ್ಟು ವೇಗ ಬರಲೆಂದು ಸಿದ್ದಣ್ಣ ಕ್ಲಚ್ ಒತ್ತಿದ. ಇಂಜಿನ್ ಓಡದ್ದರಿಂದ ಬ್ರೇಕ್ ಪೆಡಲ್ ಗಟ್ಟಿಯಾಗಿ, ಒತ್ತಿದರೂ ಹಿಡಿಯಲಿಲ್ಲ; ಎದುರಿಗೆ ತಿರುವು, ಅದರಾಚೆ ಕಂದಕ. ಅವನು ಜೀಪನ್ನು ಪಕ್ಕದ ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಲ್ಲಿಸಿದ.

"ಏನ್ಲಾ ಸಿದ್ದ, ಬೆಟ್ಟ ಅತ್ತುಸ್ದೇನೆ ನನ್ನ ಮಾದಪ್ಪನ್ ತಾವ್ಕೆ ಕಳಿಸ್ಬುಡ್ತಿದ್ದಲ್ಲಾ!" ಎಂದರು ಅಜ್ಜಿ.

ಸಿದ್ದಣ್ಣ ಬಾನೆಟ್ ಎತ್ತಿ, ಡೀಸೆಲ್ ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದ. ಡೀಸೆಲ್ ಬದಲು ನೊರೆ ಬಂತು.

"ನೋಡಿ ಸಾ, ಪೈಪು ಗಾಳಿ ಎಳ್ಕತಾದೆ. ನಾನು ಸುಮ್ಕೆ ಬ್ಯಾಟ್ರಿನ ಬೈಕಂಡು ತಿರುಗ್ತಿದ್ದೆ ಕಣ್ರಿ."

ಬಿರುಕು ಬಿಟ್ಟಿದ್ದ ಪೈಪಿನ ತುದಿ ಕತ್ತರಿಸಿ, ಮತ್ತೆ ಬಿಗಿದು, ನೊರೆ ನಿಲ್ಲುವವರೆಗೆ ಪಂಪು ಒತ್ತಿದ. ಕೀ ತಿರುಗಿಸಿದ ಕೂಡಲೇ ಇಂಜಿನ್ ಹತ್ತಿತು.

ಇನ್ನು ಬೇಡವೆಂದು ನಾನು ಕೈಯಲ್ಲೇ ಉಳಿದಿದ್ದ ಕಲ್ಲನ್ನು ಪೊದೆಗೆ ಎಸೆಯಹೋದೆ. "ಅದ್ನ ಇಲ್ ಕೊಡಪ್ಪ" ಎಂದು ಅಜ್ಜಿ ಕೈಚಾಚಿದರು.

ಈಗ ಜೀಪು ಟೀ ಅಂಗಡಿಯ ಮುಂದೆ ಮಟ್ಟಸವಾದ ಜಾಗದಲ್ಲೇ ನಿಂತಿದೆ. ಆದರೂ ಅಜ್ಜಿ ಟೀ ಮುಟ್ಟುವ ಮೊದಲು ಹೋಗಿ ಕಲ್ಲನ್ನು ಚಕ್ರದಡಿ ಇಟ್ಟು ಬಂದರು. ಸಿದ್ದಣ್ಣ ನಕ್ಕ. ನಾನು ಎದ್ದು ಹೋಗಿ, ಅದನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ತಳ್ಳಿ ಬಂದೆ.