ನಾಲ್ಕು ತಿಂಗಳು ಮುಚ್ಚಿಟ್ಟ ನೀರಿನ ವರದಿ

ನಿನ್ನೆ ಲ್ಯಾಬಿನಲ್ಲಿ ಸಿಲ್ವರ್ ನೈಟ್ರೇಟ್ ತಾಗಿ ಬೆರಳು ಕಪ್ಪಾಯಿತು. ಸೋಪು ಹಚ್ಚಿದೆ, ನಿಂಬೆಹಣ್ಣು ಉಜ್ಜಿದೆ, ಊಹೂಂ. ಸಿಂಧನೂರಿನ ಮೇಡಂ ಅವರ ಬೆರಳುಗಳು ವರ್ಷವಿಡೀ ಹೀಗೇ ಇರುತ್ತಿದ್ದವು... ಆಗ ಶುರುವಾದ ತಳಮಳ ಇನ್ನೂ ನಿಂತಿಲ್ಲ.

ಅವರು ಸಿಂಧನೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು, ನಾನು ಲಿಂಗಸುಗೂರಿನಲ್ಲಿ. ನಮ್ಮಂಥ ಸಣ್ಣ ಕಾಲೇಜಿನವರಿಗೆ ಒಬ್ಬೊಬ್ಬರಾಗಿ ಸಂಶೋಧನಾ ಅನುದಾನ ಸಿಗುವುದು ಅಷ್ಟರಲ್ಲೇ ಇದೆ. ಎರಡೂ ಕಾಲೇಜು ಕೈಜೋಡಿಸಿ ಅರ್ಜಿ ಹಾಕಿದೆವು, ಸಿಕ್ಕಿತು. ಹಳ್ಳಿಗಳ ಕುಡಿಯುವ ನೀರು ಪರೀಕ್ಷಿಸುವ ಕೆಲಸ. ಕಾಲುವೆ ಕಡೆಯ ಹಳ್ಳಿಗಳು ಅವರಿಗೆ, ಮಸ್ಕಿ ಕಡೆಯ ಬೋರುಗಳು ನನಗೆ. ಷರತ್ತು ಒಂದೇ: ಫಲಿತಾಂಶವನ್ನೆಲ್ಲ ಯಾರು ಬೇಕಾದರೂ ನೋಡುವಂತೆ ಇಂಟರ್‌ನೆಟ್‌ನಲ್ಲಿ ಹಾಕಬೇಕು.

ಮೇಡಂ ಅಂದಂದಿನದನ್ನು ಅಂದೇ ಹಾಕುತ್ತಿದ್ದರು. ಎಡವಟ್ಟಾಗಿದ್ದರೆ ಅದನ್ನೂ ಬರೆಯುತ್ತಿದ್ದರು: 'ವಳಕಮದಿನ್ನಿಯ ಬಾಟಲಿ ಸರಿಯಾಗಿ ತೊಳೆದಿರಲಿಲ್ಲ, ಮತ್ತೆ ತರುತ್ತೇನೆ.' ಓದಿ ನನಗೆ ನಗು. ನಾನೋ, ಒಂದು ಅಂಕಿಯನ್ನೂ ಬಿಟ್ಟುಕೊಡಲಿಲ್ಲ. ಮೊದಲು ನನ್ನ ಪ್ರಬಂಧ ಅಚ್ಚಾಗಲಿ, ಬಡ್ತಿ ಸಿಗಲಿ. ಅಷ್ಟರಲ್ಲಿ ಯಾರಾದರೂ ಕದ್ದುಬಿಟ್ಟರೆ? ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಕೀಲಿ ಹಾಕುತ್ತಿದ್ದೆ.

ಪ್ರತಿ ಸೋಮವಾರ ಅವರ ಫೋನು. "ಸರ, ನಿಮ್ಮ ಕಡೀದು ಯಾವಾಗ ಹಾಕ್ತೀರಿ?"

"ಇನ್ನೊಮ್ಮೆ ಚೆಕ್ ಮಾಡಾಕತ್ತೀನ್ರಿ ಮೇಡಂ."

ಚೆಕ್ ಮಾಡುವುದೇನೂ ಉಳಿದಿರಲಿಲ್ಲ.

ಒಂದು ದಿನ ಹೇಳದೆ ಕೇಳದೆ ಬಸ್ಸು ಹತ್ತಿ ನಮ್ಮ ಕಾಲೇಜಿಗೇ ಬಂದರು. ನೋಟ್‌ಬುಕ್ ಕೇಳಿದರು. ಕೊಡುವುದಿಲ್ಲ ಎನ್ನಲಾಗಲಿಲ್ಲ. ಸಾಲುಗಳ ಮೇಲೆ ಇಳಿಯುತ್ತಿದ್ದ ಅವರ ಬೆರಳು ಒಂದು ಕಡೆ ನಿಂತಿತು. ಪಾಮನಕಲ್ಲೂರಿನಿಂದ ಆಚೆಯ ಹಳ್ಳಿಯೊಂದರ ಬೋರು. ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಮಿತಿಗಿಂತ ಬಹಳ ಹೆಚ್ಚು. ನಾನದನ್ನು ಗಮನಿಸಿರಲಿಲ್ಲವೆಂದಲ್ಲ. ನನ್ನ ಪ್ರಬಂಧದ ಹೆಮ್ಮೆಯ ಅಂಕಿಯೇ ಅದು.

"ಇದು ಸಾಲಿ ಬೋರ್ ಅಲ್ಲೇನ್ರಿ?"

"ಹೌದ್ರಿ."

"ನಾಕು ತಿಂಗಳಾತಲ್ರೀ ಸರ... ನಿಮ್ಮ ಪೇಪರ್ ಬರೋಮಟ ಆ ಹುಡುಗ್ರಿಗೆ ನೀರಡಿಕಿ ಆಗಂಗಿಲ್ಲೇನು?"

ಬೈದಿದ್ದರೆ ಚೆನ್ನಾಗಿತ್ತು. ಅಷ್ಟೇ ಹೇಳಿ, ಅಂಕಿ ಬರೆದುಕೊಂಡು, ಚಹಾ ಕೂಡ ಕುಡಿಯದೆ, ಆ ಶಾಲೆಯ ದಾರಿಯ ಮಸ್ಕಿ ಬಸ್ಸು ಹಿಡಿಯಲು ಹೊರಟರು. ಜೊತೆಗೆ ಹೋಗಬೇಕಿತ್ತು. ಕ್ಲಾಸಿದೆ ಎಂದೆ. ಕ್ಲಾಸಿರಲಿಲ್ಲ...

ಅಂದು ಸಂಜೆಯೇ ಅಂಕಿಗಳನ್ನೆಲ್ಲ ಹಾಕಿದೆ. ಯಾರೂ ಕದಿಯಲಿಲ್ಲ. ಪ್ರಬಂಧವೂ ಬಂತು, ಬಡ್ತಿಯೂ ಸಿಕ್ಕಿತು. ಮೇಡಂ ಅವರ ಕ್ಷಮೆ ಕೇಳುವುದನ್ನು ಮಾತ್ರ ಇವತ್ತು, ನಾಳೆ ಎಂದು ಮುಂದೂಡುತ್ತಲೇ ಬಂದೆ. ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು.

ಇವತ್ತು ಬೆಳಿಗ್ಗೆ ಕೂತಲ್ಲಿ ಕೂರಲಾಗದೆ ಮೊದಲ ಸಲ ಆ ಶಾಲೆಗೆ ಹೋದೆ. ನಾನು ಯಾರೆಂದು ಹೇಳುತ್ತಿದ್ದಂತೆ ಹೆಡ್‌ಮಾಸ್ತರರು ಎದ್ದು ನಿಂತರು.

"ಲಿಂಗಸುಗೂರು ಸರ ಅಂದ್ರ ನೀವೇನ್ರಿ! ಬರ್ರಿ, ಕೂಡ್ರಿ. ನೀರು ಕೆಟ್ಟೈತಿ ಅಂತ ಗೊತ್ತಾದ ದಿನಾನ ನೀವು ಮೇಡಂಗ ತಿಳಿಸಿದ್ರಂತ. ಅವರೇ ಹೇಳ್ಯಾರ. ಅವತ್ತೇ ಬೋರ್ ಬಂದ್ ಮಾಡಿಸಿದ್ವಿ."

ಅಲ್ಲ, ನಾಲ್ಕು ತಿಂಗಳು ಸುಮ್ಮನಿದ್ದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮಕ್ಕಳಿಗೆ ನನ್ನನ್ನು ತೋರಿಸಿ ಚಪ್ಪಾಳೆ ತಟ್ಟಿಸಿದರು. ಮೇಡಂ ಇಲ್ಲ. ಅವರಾಡಿದ ಆ ಮಾತು ಸುಳ್ಳೆಂದು ಬಲ್ಲವನು ಇನ್ನು ನಾನೊಬ್ಬನೇ.